ಪದಬಂಧದಲ್ಲಿ ಅಗ್ಗ

ದಿನಪತ್ರಿಕೆಯ ಪದಬಂಧ ಬಿಡಿಸುವ ಗೃಹಿಣಿಯರು ನಮ್ಮಲ್ಲಿ ಬಹಳ. ಅನ್ನ ಬೇಯುವಷ್ಟರಲ್ಲಿ ಸುಲಭದ್ದೊಂದು ಮುಗಿದಿರುತ್ತದೆ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಆರಂಭಿಸಿದ ಈ ಆಟ ಕನ್ನಡಕ್ಕೆ ಬಂದಾಗ ಲೆಕ್ಕವೇ ಬೇರೆಯಾಯಿತು. ಕಾಗುಣಿತ, ಒತ್ತು ಎಲ್ಲವೂ ಒಂದೇ ಮನೆಯಲ್ಲಿ ಸಂಸಾರ ಹೂಡಬೇಕು!

ವ್ಯಾಪಾರದ ಪದಗಳಿಂದಲೇ ಒಂದು ಪದಬಂಧ ಕಟ್ಟಿ ನೋಡಿ. ಬೆಲೆಯ ಜಗ್ಗಾಟಕ್ಕೆ ಮೂರು ಮನೆ: ಚೌಕಾಸಿ. ಈದ್ ಸಮಯದಲ್ಲಿ ಬಟ್ಟೆಯಂಗಡಿಯ ಫಲಕದಲ್ಲಿ ಕಾಣುವುದು, ನಾಲ್ಕು ಮನೆ: ರಿಯಾಯಿತಿ. ದುಬಾರಿಯಲ್ಲದ್ದು, ಎರಡು ಮನೆ: ಅಗ್ಗ. ಆ 'ಗ್ಗ'ದ ಮನೆಗೆ ಮೇಲಿನಿಂದ ಇಳಿಯುವ ಪದ ಯಾವುದು? ಹಗ್ಗ ಆಗಬಹುದು, ಮಗ್ಗವೂ ಆಗಬಹುದು. ನನಗಂತೂ ಮಗ್ಗವೇ ಸರಿಯೆನಿಸುತ್ತದೆ. ಕೈಮಗ್ಗದ ಸೀರೆ ಅಗ್ಗಕ್ಕೆ ಸಿಕ್ಕಿತೆಂದು ನಾವು ಬೀಗುವಾಗ ನೇಯ್ದವರ ಕೂಲಿಯೂ ಅದೇ ಮನೆಯಲ್ಲಿ ಕುಳಿತಿರುತ್ತದೆ.

ಚೌಕಾಸಿ ತಪ್ಪಲ್ಲ. ಮನೆಯ ಖರ್ಚು ತೂಗಿಸುವವಳಿಗೆ ಅದು ಬೇಕು. ಆದರೆ ದೊಡ್ಡ ಮಳಿಗೆಯಲ್ಲಿ ಚೀಟಿಯ ಬೆಲೆಯನ್ನು ಸದ್ದಿಲ್ಲದೆ ತೆತ್ತು, ಬಾಗಿಲಿಗೆ ಬಂದ ಸೊಪ್ಪಿನವಳ ಬಳಿ ಎರಡು ರೂಪಾಯಿಗೆ ಜಗ್ಗಾಡುವುದು ಯಾವ ನ್ಯಾಯ? ಮಾರುವಾಗ, ಕೊಳ್ಳುವಾಗ, ಬಾಕಿ ಕೇಳುವಾಗ ಉದಾರವಾಗಿ ವರ್ತಿಸುವವನಿಗೆ ಪ್ರವಾದಿ(ಸ)ಯವರು ಅಲ್ಲಾಹನ ಕೃಪೆಯನ್ನು ಪ್ರಾರ್ಥಿಸಿದ ಹದೀಸ್ ಬುಖಾರಿಯಲ್ಲಿದೆ.

ವ್ಯಾಪಾರಿಗೂ ಕಡಿವಾಣವಿದೆ. ಕೊಳ್ಳುವ ಇರಾದೆಯೇ ಇಲ್ಲದವನಿಂದ ಹೆಚ್ಚಿನ ಬೆಲೆ ಕೂಗಿಸಿ ಗಿರಾಕಿಯನ್ನು ಏಮಾರಿಸುವಂತಿಲ್ಲ. ಅದಕ್ಕೆ ಅರಬಿಯಲ್ಲಿ 'ನಜಶ್' ಎನ್ನುತ್ತಾರೆ. ಪದಬಂಧದಲ್ಲಿ ಮೂರು ಮನೆ ಸಾಕು, ಕೊನೆಯ 'ಶ್'ಗೆ ಮೇಲಿನಿಂದ ಪದ ಹೊಂದಿಸುವುದೇ ಕಷ್ಟ.