ನೀರಿನ ದಾರಿ, ಹೊಗೆಯ ದಾರಿ

ಕಲಾ ವಿಭಾಗದ ವಿದ್ಯಾರ್ಥಿಗೆ ತಾರಸಿ, ಕೊಳವೆ, ಪಾವಟಿಗೆಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ನಾನು ಗೌಂಡಿಯ ಮಗ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹಿರಿಯರೆಲ್ಲ ಪರರಿಗಾಗಿ ಮೆಟ್ಟಿಲು ಕಟ್ಟಿದವರು. ಆದುದರಿಂದ ನಾಲ್ಕು ಮಾತು ಹೇಳುವ ಸಲುಗೆ ತೆಗೆದುಕೊಳ್ಳುತ್ತೇನೆ.

ಹುಬ್ಬಳ್ಳಿ–ಧಾರವಾಡಗಳಲ್ಲಿ ಇಂದು ಮನೆ ಕಟ್ಟಿಸುವವರು ಗೋಡೆಯ ಬಣ್ಣ, ನೆಲದ ಫರಸಿ, ಬಾಗಿಲ ಕೆತ್ತನೆಗಳನ್ನು ಕರಾರುಪತ್ರದಲ್ಲಿ ಬಿಡದೆ ಬರೆಯಿಸುತ್ತಾರೆ. ಮಳೆನೀರು ಎಲ್ಲಿಂದ ಇಳಿಯಬೇಕು, ತಾರಸಿಯ ಇಳಿಜಾರು ಎಷ್ಟಿರಬೇಕು, ಬೆಂಕಿ ಬಿದ್ದರೆ ಜನ ಯಾವ ಬಾಗಿಲಿನಿಂದ ಹೊರಬೀಳಬೇಕು ಎಂಬ ಬಗ್ಗೆ ಒಂದು ಸಾಲೂ ಇರುವುದು ಅಪರೂಪ. ‘ಕೆಲಸ ಚಲೋ ಮಾಡಿಕೊಡತಕ್ಕದ್ದು’ ಎಂಬ ಒಂದು ಮಾತಿನಲ್ಲಿ ಎಲ್ಲವೂ ಮುಗಿಯುತ್ತದೆ.

ಹಳೆಯ ಮಾಳಿಗೆಮನೆಗಳಿಗೂ ಬರೆದ ತಪಸೀಲು ಇರಲಿಲ್ಲವಲ್ಲ ಎನ್ನುವಿರಾ? ನಿಜ. ಆದರೆ ಮಳೆಗಾಲಕ್ಕೆ ಮುಂಚೆ ಮಾಳಿಗೆ ಹತ್ತಿ, ಬಿರುಕು ನೋಡಿ, ಮಣ್ಣು ಹಾಕಿ ಬಡಿಯುವ ರೂಢಿಯಿತ್ತು. ಕಾಂಕ್ರೀಟು ಬಂದಿತು, ರೂಢಿ ಹೋಯಿತು; ಅದರ ಸ್ಥಾನಕ್ಕೆ ಬರಬೇಕಾಗಿದ್ದ ಬರಹ ಮಾತ್ರ ಬರಲಿಲ್ಲ. ನಮ್ಮ ತಂದೆಯವರು ಹೇಳುವುದುಂಟು: “ನೀರಿಗೆ ನೀ ದಾರಿ ತೋರಸಲಿಲ್ಲಂದ್ರ ಅದು ತಾನ ಹುಡುಕ್ಕೊಂತೈತಪಾ.” ಅದು ಹುಡುಕಿಕೊಳ್ಳುವ ದಾರಿ ಛತ್ತಿನೊಳಗಿನ ಕಬ್ಬಿಣದ ಸಲಾಕೆಯದು. ಸಲಾಕೆ ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿದರೆ ಕಾಂಕ್ರೀಟು ಸೀಳಿ ಕೆಳಗೆ ಬೀಳುತ್ತದೆ. ಎರೆಮಣ್ಣಿನ ನೆಲದಲ್ಲಿ ಇನ್ನೊಂದು ಪೀಡೆ: ನೆನೆದರೆ ಉಬ್ಬುವ, ಒಣಗಿದರೆ ಬಿರಿಯುವ ಆ ಮಣ್ಣಿಗೆ ತಾರಸಿಯ ನೀರನ್ನು ಬುನಾದಿಯ ಬಳಿಯೇ ಸುರಿಯುತ್ತೇವೆ!

ಉಪಾಯ ದುಬಾರಿಯದಲ್ಲ. ನೂರು ಅಡಿಗೆ ಒಂದಡಿಯಾದರೂ ಇಳಿಜಾರು. ಗೋಡೆ–ತಾರಸಿ ಕೂಡುವ ಮೂಲೆಗೆ ಗುಂಡನೆಯ ಗಿಲಾವು. ಕೊಳವೆಯ ಬಾಯಿಗೆ ಜಾಳಿಗೆ. ಕೊನೆಯ ಕಂತಿನ ಹಣ ಕೊಡುವ ಮುಂಚೆ ತಾರಸಿಯ ಮೇಲೆ ಎರಡು ದಿನ ನೀರು ನಿಲ್ಲಿಸಿ, ಕೆಳಗೆ ನಿಂತು ಛತ್ತು ನೋಡಬೇಕು. ಇಷ್ಟನ್ನು ಕರಾರಿನಲ್ಲಿ ಬರೆದರೆ ಗೌಂಡಿಗೂ ಲಾಭವೇ. ಇಲ್ಲವಾದರೆ ಸೋರಿದಾಗ ಬೈಗುಳ ತಿನ್ನುವವನು ಅವನು.

ನೀರಾದರೂ ಗೋಡೆಯ ಮೇಲೆ ಕಲೆ ಮೂಡಿಸಿ ಎಚ್ಚರಿಸುತ್ತದೆ. ಹೊಗೆಗೆ ಆ ಸೌಜನ್ಯವಿಲ್ಲ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ತಂತಿಗಳು ಹಾಯುವ ಗೂಡಿನಲ್ಲಿ ಬೆಂಕಿ ಹತ್ತಿ, ಹೊಗೆ ಮೇಲಿನ ಅಂತಸ್ತುಗಳನ್ನು ತುಂಬಿತು. ಗಾಜು ಒಡೆದು ಕೆಳಗೆ ಹಾರಿದವರುಂಟು. 9 ಜನ ತೀರಿಕೊಂಡರು. ತಂತಿ ಹಾಯುವ ರಂಧ್ರಗಳನ್ನು ಪ್ರತಿ ಅಂತಸ್ತಿನಲ್ಲೂ ಸುಡದ ವಸ್ತುವಿನಿಂದ ಮುಚ್ಚಬೇಕೆಂಬುದು ಬಣ್ಣದ ಖರ್ಚಿನ ಮುಂದೆ ಸಣ್ಣ ಕೆಲಸ. ನಮ್ಮಲ್ಲಿ ಪೇಟೆಯ ಅಂಗಡಿಗಳ ಪಾವಟಿಗೆಯ ಕೆಳಗೆ ರಟ್ಟಿನ ಪೆಟ್ಟಿಗೆಗಳ ರಾಶಿ, ಹಿಂಬಾಗಿಲಿಗೆ ಕಳ್ಳರ ಭಯದಿಂದ ಬೀಗ. ಕಳ್ಳನು ಒಯ್ಯುವುದು ಸಾಮಾನು ಮಾತ್ರ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಆ ಬಳಿಕ ನಮ್ಮ ಓಣಿಯಲ್ಲಿ ಕಂಬಗಳ ದಪ್ಪವನ್ನು ವಿಚಾರಿಸುವವರು ಕಾಣುತ್ತಾರೆ. ಹೊರಬೀಳುವ ಬಾಗಿಲನ್ನು ವಿಚಾರಿಸುವವರನ್ನು ನಾನಿನ್ನೂ ಕಂಡಿಲ್ಲ.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗವು ಬೆಂಕಿಯಿಂದ ರಕ್ಷಣೆಯನ್ನೂ ಒಂಬತ್ತನೆಯದು ನೀರು–ಚರಂಡಿಗಳನ್ನೂ ಕುರಿತದ್ದು. ಸಹಪಾಠಿಗಳೇ, ನಾಳೆ ನಮ್ಮಲ್ಲಿ ಕೆಲವರು ಪಾಲಿಕೆಯ ಕಚೇರಿಯಲ್ಲಿ ಪರವಾನಿಗೆಯ ಕಾಗದಗಳ ಮುಂದೆ ಕೂಡುವವರು. ಆ ಸಂಹಿತೆಯ ಪ್ರತಿಯೊಂದನ್ನು ನಮ್ಮ ಗ್ರಂಥಾಲಯಕ್ಕೆ ತರಿಸಬೇಕು. ಅದರಲ್ಲಿ ಬಾಗಿಲು, ಪಾವಟಿಗೆ, ಕೊಳವೆಗಳಿಗೆ ಸಂಬಂಧಿಸಿದಷ್ಟನ್ನು ಗೌಂಡಿಗಳು ಓದಬಹುದಾದ ಕನ್ನಡದಲ್ಲಿ ಬರೆದು, ಕೆಲಸದವರು ಬೆಳಿಗ್ಗೆ ನಿಲ್ಲುವ ನಾಕಾಗಳಲ್ಲಿ ಹಂಚಬೇಕು. ಬರೆಯುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ.