ಕೈಪಿಡಿಯಲ್ಲೊಂದು ವೃತ್ತನಕ್ಷೆ

ತಂತ್ರಾಂಶದ ಕೈಪಿಡಿಗೂ ಕನ್ನಡ ಅಧ್ಯಾಪಕನಿಗೂ ಏನು ನಂಟು ಎಂದು ವಾಚಕರು ಕೇಳಿಯಾರು. ನಂಟಿದೆ. ಕೈಪಿಡಿಯೂ ಗದ್ಯವೇ, ಅದೂ ಒಂದು ಬಗೆಯ ಶಾಸ್ತ್ರಗದ್ಯ. ಗಣಿತವನ್ನು ಕನ್ನಡದಲ್ಲಿ ಬರೆದ 12ನೆಯ ಶತಮಾನದ ರಾಜಾದಿತ್ಯನನ್ನು ಸಾಹಿತ್ಯಚರಿತ್ರೆಯ ತರಗತಿಯಲ್ಲಿ ಕೊಂಡಾಡುವ ನಾವು, ಇಂದಿನ ಯಂತ್ರಗಳ ವಿವರಣೆಯನ್ನು ಮಾತ್ರ ನಮಗೆ ಸಲ್ಲದ್ದೆಂದು ಬದಿಗಿಡುವುದು ಉಚಿತವಲ್ಲ. ಇಂಥ ಕೈಪಿಡಿಗಳನ್ನು ಕನ್ನಡಿಸುವ ಕೆಲಸದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರಿದ್ದಾರೆ. ಅವರಲ್ಲೊಬ್ಬರು ತೋರಿಸಿದ ಪುಟವೊಂದರಲ್ಲಿ ಬರವಣಿಗೆಯೆಲ್ಲ ತಿಳಿಗನ್ನಡವಾಗಿತ್ತು. ನಡುವೆ ಇದ್ದ ವೃತ್ತನಕ್ಷೆ, ಎಂದರೆ ಪೈ ಚಾರ್ಟು, ಇಂಗ್ಲಿಷಿನಲ್ಲಿಯೇ ಉಳಿದಿತ್ತು. ಏಕೆಂದು ಕೇಳಿದರೆ, “ಅದು ಚಿತ್ರ ಸಾರ್, ಅದರೊಳಗಿನ ಅಕ್ಷರ ನಮ್ಮ ಕೈಗೆ ಸಿಗುವುದಿಲ್ಲ” ಎಂಬ ಉತ್ತರ ಬಂತು.

ಪ್ರಶ್ನೆಯೆಲ್ಲ ಈ ಉತ್ತರದಲ್ಲಿಯೇ ಅಡಗಿದೆ. ಕೈಪಿಡಿಗೆ ಸೇರಿಸುವ ವೃತ್ತನಕ್ಷೆಯನ್ನು ಬೇಕಾದಂತೆ ಮಾರ್ಪಡಿಸಿಕೊಳ್ಳುವ ಅನುಕೂಲವಿರಬೇಕು ಎಂದಾಗ ಸಾಮಾನ್ಯವಾಗಿ ನೆನಪಾಗುವುದು ಬಣ್ಣ, ಅಂಚಿನ ಗೆರೆ, ಅಕ್ಷರದ ಗಾತ್ರ. ಇವು ಬೇಡವೆನ್ನುವುದಿಲ್ಲ. ಆದರೆ ನಕ್ಷೆಯಲ್ಲಿರುವ ಮಾತನ್ನೇ ಬದಲಿಸಲಾಗದಿದ್ದರೆ ಉಳಿದ ಅನುಕೂಲಗಳಿಂದ ಕನ್ನಡದ ಓದುಗನಿಗೆ ದಕ್ಕುವುದೇನು? ಕಲಿಯಬೇಕಾದ ಸಂಗತಿ ಇರುವ ಜಾಗದಲ್ಲಿಯೇ ಅವನಿಗೆ ಬಾಗಿಲು ಮುಚ್ಚಿದಂತಾಯಿತು.

ವೃತ್ತವನ್ನು ಹೋಳುಮಾಡಿ ಪ್ರಮಾಣವನ್ನು ತೋರಿಸುವ ಪದ್ಧತಿಯನ್ನು ಬಳಕೆಗೆ ತಂದವನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. 1801ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ‘ಸ್ಟಾಟಿಸ್ಟಿಕಲ್ ಬ್ರೆವಿಯರಿ’ಯಲ್ಲಿ ತುರ್ಕಿ ಸಾಮ್ರಾಜ್ಯದ ನೆಲ ಏಷ್ಯ, ಯೂರೋಪು, ಆಫ್ರಿಕಗಳಲ್ಲಿ ಹೇಗೆ ಹಂಚಿಕೊಂಡಿತ್ತು ಎಂಬುದಕ್ಕೆ ಒಂದು ವೃತ್ತ, ಮೂರು ಹೋಳು, ಮೂರು ಬಣ್ಣ. ಬಣ್ಣ ತುಂಬಿದ್ದು ಕೈಯಿಂದ. ಇಡಿ ಒಂದು, ಬಿಡಿ ಮೂರು. ವೃತ್ತಕ್ಕೆ ಇದಕ್ಕಿಂತ ಒಪ್ಪುವ ವಿಷಯವಿರಲಾರದು. (ಇಂಗ್ಲಿಷರು ಇದನ್ನು ತಮ್ಮ ‘ಪೈ’ ಎಂಬ ತಿನಿಸಿನ ಹೆಸರಿನಿಂದ ಕರೆದರೆ, ಫ್ರೆಂಚರು ‘ಕಾಮಾಂಬೇರ್’ ಎಂಬ ಗಿಣ್ಣಿನ ಹೆಸರಿನಿಂದ ಕರೆಯುತ್ತಾರೆ. ನಾವು ವೃತ್ತನಕ್ಷೆ ಎಂದದ್ದೇ ಲೇಸಾಯಿತು. ಹೋಳಿಗೆಯನ್ನು ಅಂಕಿಅಂಶಕ್ಕೆ ಎಳೆತರುವುದು ನನಗಂತೂ ಸಮ್ಮತವಲ್ಲ.)

ವೃತ್ತನಕ್ಷೆಗೆ ವಿರೋಧಿಗಳೂ ಉಂಟು. ಅಮೆರಿಕದ ಎಡ್ವರ್ಡ್ ಟಫ್ಟಿ 1983ರ ತಮ್ಮ ಗ್ರಂಥದಲ್ಲಿ ಇದನ್ನು ಕಟುವಾಗಿ ಟೀಕಿಸಿದರು. ಮರುವರ್ಷ ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಎಂಬ ವಿದ್ವಾಂಸರು, ಒಂದೇ ಅಳತೆಗೆರೆಯ ಮೇಲಿನ ಸ್ಥಾನವನ್ನು ಗುರುತಿಸುವಷ್ಟು ನಿಖರವಾಗಿ ನಮ್ಮ ಕಣ್ಣು ಕೋನವನ್ನು ಅಳೆಯಲಾರದೆಂದು ಪ್ರಯೋಗಗಳಿಂದ ತೋರಿಸಿದರು. ಇದನ್ನು ಒಪ್ಪಲೇಬೇಕು. ಒಂದು ತಂತ್ರಾಂಶದ ಐದು ಆವೃತ್ತಿಗಳ ವೇಗವನ್ನು ಹೋಲಿಸಲು ವೃತ್ತ ಬರೆದರೆ ಅದು ಅರ್ಥಹೀನ. ಐದು ವೇಗಗಳನ್ನು ಕೂಡಿಸಿದರೆ ಬರುವ ‘ಇಡಿ’ ಯಾವುದು? ಅಲ್ಲಿ ಕಂಬನಕ್ಷೆಯೇ ಸರಿ. ಆದರೆ ಗಣಕದ ಸಂಗ್ರಹಸ್ಥಳ ತುಂಬಿತೆಂದು ಗಾಬರಿಯಾದವನಿಗೆ, ಅದರಲ್ಲಿ ಅರ್ಧಕ್ಕೂ ಮಿಕ್ಕ ಭಾಗವನ್ನು ಹಳೆಯ ಪ್ರತಿಗಳೇ ನುಂಗಿವೆ ಎಂದು ತಿಳಿಸಬೇಕಾದಾಗ ವೃತ್ತಕ್ಕೆ ಸಾಟಿಯಿಲ್ಲ. ಅವನಿಗೆ ದಶಾಂಶದ ನಿಖರತೆ ಬೇಕಿಲ್ಲ. ಯಾವುದನ್ನು ಮೊದಲು ಅಳಿಸಲಿ ಎಂಬುದು ತಿಳಿದರೆ ಸಾಕು.

ಇನ್ನು ಮಾತಿನ ವಿಷಯ. ಸ್ವೀಡನ್ನಿನ ನೂಟ್ ಸ್ವೇಡ್‌ಕ್ವಿಸ್ಟ್ 2014ರಲ್ಲಿ ಆರಂಭಿಸಿದ ‘ಮರ್ಮೇಡ್’ ಎಂಬ ಉಪಕರಣವಿದೆ. ಇದರಲ್ಲಿ ನಕ್ಷೆಯನ್ನು ಬಿಡಿಸುವುದಿಲ್ಲ, ಬರೆಯುತ್ತಾರೆ. ‘ಪೈ’ ಎಂಬ ಪದ, ಅದರ ಮುಂದೆ ಶೀರ್ಷಿಕೆ; ಕೆಳಗೆ ಸಾಲಿಗೊಂದರಂತೆ ಉದ್ಧರಣ ಚಿಹ್ನೆಯೊಳಗೆ ಹೋಳಿನ ಹೆಸರು, ಒಂದು ವಿವರಣ ಚಿಹ್ನೆ, ಒಂದು ಸಂಖ್ಯೆ. ಶೇಕಡಾ ಲೆಕ್ಕವನ್ನೂ ಕೋನವನ್ನೂ ಯಂತ್ರವೇ ನೋಡಿಕೊಳ್ಳುತ್ತದೆ. ಗಿಟ್‌ಹಬ್ 2022ರ ಫೆಬ್ರವರಿಯಿಂದ ತನ್ನ ಪುಟಗಳಲ್ಲಿಯೇ ಇಂಥ ಬರಹವನ್ನು ನಕ್ಷೆಯಾಗಿ ತೋರಿಸುತ್ತಿದೆ. ಹೆಸರಿನ ಜಾಗದಲ್ಲಿ ‘ಹಳೆಯ ಪ್ರತಿಗಳು’ ಎಂದು ಕನ್ನಡದಲ್ಲಿ ಬರೆದರೆ ನಕ್ಷೆಯೂ ಕನ್ನಡದಲ್ಲಿ ಮೂಡುತ್ತದೆ. ಅನುವಾದಕನಿಗೆ ಇದು ಎಂಥ ಬಿಡುಗಡೆ ಎಂಬುದನ್ನು ಚಿತ್ರದ ಮುಂದೆ ಕೈಕಟ್ಟಿ ಕುಳಿತವರೇ ಬಲ್ಲರು. ನಾಳೆ ಅಂಕಿ ಬದಲಾದರೆ ಒಂದು ಸಾಲು ತಿದ್ದಿದರಾಯಿತು. ಯಾರು ಯಾವಾಗ ತಿದ್ದಿದರೆಂಬುದೂ ಉಳಿದ ಗದ್ಯದಂತೆಯೇ ದಾಖಲಾಗಿರುತ್ತದೆ. ಹೀಗಿರುವಾಗ, ಕನ್ನಡಕ್ಕೆ ಬರಬೇಕಾದ ಕೈಪಿಡಿಯಲ್ಲಿ ಈಗಲೂ ನಕ್ಷೆಯನ್ನು ಮುಟ್ಟಲಾಗದ ಚಿತ್ರವಾಗಿ ಅಂಟಿಸುವುದು ಸೋಮಾರಿತನವೆಂದೇ ನನ್ನ ಅಭಿಪ್ರಾಯ.

ಹಾಗೆಂದು ಬರಹವಾದ ಮಾತ್ರಕ್ಕೆ ನಕ್ಷೆ ತಾನಾಗಿ ಸುಬೋಧವಾಗುವುದಿಲ್ಲ. ಲ್ಯಾಟಿನ್ ಲಿಪಿಗೆಂದು ಗೊತ್ತುಮಾಡಿದ ಸಾಲಿನ ಎತ್ತರದಲ್ಲಿ ನಮ್ಮ ಒತ್ತಕ್ಷರಗಳು ಇಕ್ಕಟ್ಟಿಗೆ ಸಿಲುಕುತ್ತವೆ. ‘ವ್ಯವಸ್ಥೆ’ಯ ಕಾಲು ಮುರಿಯದಂತೆ ಅಕ್ಷರದ ಗಾತ್ರವನ್ನು ಹೊಂದಿಸಬೇಕು. ಹೋಳುಗಳು ಐದಾರಕ್ಕೆ ಮೀರಬಾರದು. ಇವೆಲ್ಲಕ್ಕಿಂತ ತೊಡಕಿನದು ಬಣ್ಣ. ಮರ್ಮೇಡ್ ಹನ್ನೆರಡು ಹೋಳುಗಳವರೆಗೆ ಬೇರೆಬೇರೆ ಬಣ್ಣವನ್ನು ನಾವೇ ಆರಿಸಲು ಬಿಡುತ್ತದೆ. ಆದರೆ ಹೋಳಿನ ಮೇಲೆ ಅದು ಬರೆಯುವುದು ಶೇಕಡಾ ಅಂಕಿಯನ್ನು. ಹೆಸರು ಇರುವುದು ಪಕ್ಕದ ಪಟ್ಟಿಯಲ್ಲಿ. ಹೆಸರಿಗೂ ಹೋಳಿಗೂ ಬಣ್ಣವೊಂದೇ ಸೇತುವೆ. ಕೆಂಪು ಹಸಿರುಗಳ ಭೇದ ಕಾಣದವರಿಗೆ ಈ ಸೇತುವೆ ಮುರಿದದ್ದೇ. ಕಾಲೇಜಿನ ಕಚೇರಿಯ ಮುದ್ರಣಯಂತ್ರದಿಂದ ಕಪ್ಪುಬಿಳುಪಿನಲ್ಲಿ ಹೊರಬಿದ್ದ ಹಾಳೆ ಹಿಡಿದ ಹುಡುಗನ ಪಾಡೂ ಬೇರೆಯಲ್ಲ. ಅವನಿಗೆ ಕಾಣುವುದು ಬೂದಿ ಬಣ್ಣದ ನಾಲ್ಕು ತುಂಡುಗಳು.

ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವ ಉಪಾಯ ಸುಲಭವಾದದ್ದು. ‘ಪೈ’ ಎಂಬ ಪದದ ಮುಂದೆ ‘ಶೋ ಡೇಟಾ’ ಎಂಬ ಸೂಚನೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಬಿಡಿಸದೆ ಒಂದೇ ಪದವಾಗಿ ಸೇರಿಸಿದರೆ ಪಟ್ಟಿಯಲ್ಲಿ ಹೆಸರಿನ ಪಕ್ಕದಲ್ಲಿ ನಾವು ಕೊಟ್ಟ ಸಂಖ್ಯೆಯೂ ಕಾಣುತ್ತದೆ. ಸಂಖ್ಯೆಗಳೆಲ್ಲ ಸೇರಿ ನೂರಾಗುವಂತೆ ಮೊದಲೇ ಲೆಕ್ಕಹಾಕಿ ಬರೆದರೆ ಪಟ್ಟಿಯ ಅಂಕಿಯೂ ಹೋಳಿನ ಅಂಕಿಯೂ ಒಂದೇ ಆಗುತ್ತವೆ. ಆಗ ಬಣ್ಣವನ್ನು ನೆಚ್ಚಬೇಕಾಗಿಲ್ಲ. 54 ಎಂಬುದನ್ನು ಪಟ್ಟಿಯಲ್ಲಿ ಓದಿದವನು 54 ಎಂದಿರುವ ಹೋಳನ್ನು ಬೂದಿ ಬಣ್ಣದಲ್ಲಿಯೂ ಹುಡುಕಿಕೊಳ್ಳುತ್ತಾನೆ. ಕಣ್ಣಿಲ್ಲದವರಿಗಾಗಿ ಪುಟವನ್ನು ಓದಿಹೇಳುವ ತಂತ್ರಾಂಶಕ್ಕೆ ಬೇಕಾದ ಶೀರ್ಷಿಕೆ, ವಿವರಣೆಗಳನ್ನು ಬರೆಯಲು ಎರಡು ಪ್ರತ್ಯೇಕ ಸಾಲುಗಳಿಗೂ ಅಲ್ಲಿ ಅವಕಾಶವಿದೆ. ಆ ಸಾಲುಗಳನ್ನೂ ಕನ್ನಡದಲ್ಲಿ ಬರೆಯಬಹುದು.