ತಮಟೆ ಹೊತ್ತು ಪಟ್ಟಣಕ್ಕೆ ಹೊರಟ ಗೆಳೆಯರಿಗೆ

ಗೆಳೆಯರೆ,

ಸುಗ್ಗಿ ಮುಗಿದರೆ ಸಾಕು, ನಮ್ಮ ಕೇರಿಗಳಲ್ಲಿ ಹುಡುಗರು ಕಾಣುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಮಂಡ್ಯದ ಕಡೆಯಿಂದ ಬೆಂಗಳೂರಿಗೆ ಹೋಗುವ ರೈಲು ಬಸ್ಸುಗಳಲ್ಲಿ ನಮ್ಮವರೇ ತುಂಬಿರುತ್ತಾರೆ. ಒಬ್ಬ ಗಾರೆ ಕೆಲಸಕ್ಕೆ, ಒಬ್ಬ ಸೆಕ್ಯೂರಿಟಿಗೆ, ಒಬ್ಬ ಕಾಲೇಜಿಗೆ. ಈಗೀಗ ಇನ್ನೊಂದು ಬಗೆಯವರೂ ಹೊರಟಿದ್ದಾರೆ. ಅವರ ಹೆಗಲ ಮೇಲೆ ಗೋಣಿಚೀಲದಲ್ಲಿ ಸುತ್ತಿದ ತಮಟೆ ಇರುತ್ತದೆ. 'ಅಲ್ಲಿ ನಮ್ ಕಲೆಗೆ ಬೆಲೆ ಐತೆ' ಅಂತ ಅವರು ಹೇಳುತ್ತಾರೆ.

ಬೆಲೆ ಇರುವುದು ನಿಜ. ಆದರೆ ಯಾವ ಬೆಲೆ? ಯಾರು ಕಟ್ಟುವ ಬೆಲೆ? ಇದನ್ನು ತಿಳಿಯದೆ ಹೋದವರು ಪೆಟ್ಟು ತಿಂದು ವಾಪಸು ಬಂದಿದ್ದಾರೆ. ಹಾಗೆ ಹೋಗಿ ಪೆಟ್ಟು ತಿಂದವರಲ್ಲಿ ನಾವೂ ಸೇರಿದ್ದೇವೆ. ಆದ್ದರಿಂದ ಈ ನಾಲ್ಕು ಮಾತು.

ನಾವು ಹೊರಟ ದಿನ ಕೇರಿಯ ಅಜ್ಜಿಯೊಬ್ಬಳು ತಡೆದು ನಿಲ್ಲಿಸಿದಳು. 'ಓಗ್ರಪ್ಪಾ, ಬೆಂಗ್ಳೂರ್ಗಾದ್ರೂ ಓಗಿ ಮನುಷ್ಯರಾಗಿ. ಆ ತಮಟೆ ಯಾಕ್ ಒತ್ಕೊಂಡೋಗ್ತೀರ? ಅದನ್ನ ಬಿಡ್ಸಾಕೆ ನಿಮ್ ತಾತ ಒದೆ ತಿಂದಿದ್ದು' ಅಂದಳು. ಆಗ ನಾವು ನಕ್ಕೆವು. ಈಗ ನಗುವುದಿಲ್ಲ.

ಅವಳ ಮಾತಿನಲ್ಲಿ ಒಂದು ಇತಿಹಾಸವೇ ಇದೆ. ಊರಲ್ಲಿ ಹೆಣ ಬಿದ್ದರೆ, ಜಾತ್ರೆ ಆದರೆ, ಟಾಂಟಾಂ ಸಾರಬೇಕಾದರೆ ತಮಟೆ ಬಾರಿಸುವುದು ನಮ್ಮವರ ಪಾಲಿನ ಬಿಟ್ಟಿ ಚಾಕರಿ. ಬರುವುದಿಲ್ಲ ಅಂದರೆ ಕೂಲಿ ಬಂದ್, ಅಂಗಡಿ ಬಂದ್, ನೀರು ಬಂದ್. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿತು. 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಬಂತು. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯಿದೆ ಬಂತು. 1989ರ ದೌರ್ಜನ್ಯ ತಡೆ ಕಾಯಿದೆಯಲ್ಲಿ ನಮ್ಮವರಿಂದ ಬಲವಂತದ ಬಿಟ್ಟಿ ಮಾಡಿಸುವುದೇ ಅಪರಾಧವಾಯಿತು. ಆದರೆ ಕಾಯಿದೆಗಿಂತ ಮೊದಲೇ ಎಷ್ಟೋ ಕೇರಿಗಳಲ್ಲಿ ಹಿರಿಯರು ತಮಟೆಯನ್ನು ಅಟ್ಟಕ್ಕೆ ಎಸೆದಿದ್ದರು. 'ಇನ್ ಮುಟ್ಟಲ್ಲ' ಅಂದಿದ್ದರು. ಅದಕ್ಕೆ ಒದೆ ತಿಂದಿದ್ದರು.

ಇದರ ಮಗ್ಗುಲಲ್ಲೇ ಇನ್ನೊಂದು ಇತಿಹಾಸವೂ ಇದೆ. ಎಪ್ಪತ್ತರ ದಶಕದಲ್ಲಿ ದಲಿತ ಚಳವಳಿ ಬೀದಿಗೆ ಬಂದಾಗ ಅದೇ ತಮಟೆ ಮೆರವಣಿಗೆಯ ಮುಂದೆ ಬಂತು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದ ಮೇಲೆ ಆ ಹಾಡುಗಳು ಪುಸ್ತಕದಲ್ಲಿ ಕೂರಲಿಲ್ಲ, ಕೇರಿ ಕೇರಿಯ ಗಂಟಲಿಗೆ ಹೋದವು. ಗೌಡರ ಹೆಣದ ಮುಂದೆ ಬಡಿಯುತ್ತಿದ್ದ ಚರ್ಮ ತಾಲ್ಲೂಕು ಕಚೇರಿಯ ಮುಂದೆ ಬಡಿಯತೊಡಗಿತು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಕೇರಿಯಲ್ಲೂ ಸಿಹಿ ಹಂಚಿದರು.

ಹಾಗಾದರೆ ಸರಿ ಯಾವುದು? ತಮಟೆ ಬಿಡುವುದೋ, ಹೊತ್ತು ಹೋಗುವುದೋ? ನಮ್ಮ ಮಾತು ಇಷ್ಟೆ: 'ಒಲ್ಲೆ' ಅನ್ನುವ ಹಕ್ಕು ಇರುವವನು ಬಾರಿಸಿದರೆ ಅದು ವಿದ್ಯೆ. ಆ ಹಕ್ಕು ಇಲ್ಲದವನು ಬಾರಿಸಿದರೆ ಅದು ಜೀತ. ಹಳ್ಳಿಯೋ ಪಟ್ಟಣವೋ ಅನ್ನುವುದು ಆಮೇಲಿನ ಪ್ರಶ್ನೆ. ಪಟ್ಟಣಕ್ಕೆ ಹೋಗುವವನು ಮೊದಲು ಕೇಳಿಕೊಳ್ಳಬೇಕಾದ್ದು, ಅಲ್ಲಿ ನನಗೆ 'ಒಲ್ಲೆ' ಅನ್ನಲು ಆಗುತ್ತದಾ ಅಂತ.

ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹೊಗಳುವವರಿಗೆ ಉತ್ತರ ಕೊಟ್ಟರು. ನಮಗೆ ಹಳ್ಳಿಯೆಂದರೆ ಏನು ಎಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದ ಪಟ್ಟಣಕ್ಕೆ ಹೋಗಬೇಡಿ ಅಂತ ನಾವು ಹೇಳುವುದಿಲ್ಲ. ಹೋಗಿ. ಆದರೆ ಜಾತಿ ಮೆಜೆಸ್ಟಿಕ್ಕಿನಲ್ಲಿ ಬಸ್ಸಿನಿಂದ ಇಳಿಯುವುದಿಲ್ಲ ಅಂದುಕೊಂಡರೆ ಕೆಟ್ಟಿರಿ. ಅದು ನಿಮಗಿಂತ ಮುಂಚೆಯೇ ಇಳಿದು ಮನೆ ಬಾಡಿಗೆಗೆ ಕೊಡುತ್ತಾ ಕೂತಿರುತ್ತದೆ.

ನಾವು ನಾಲ್ವರು ಒಂದು ರೂಮು ಹುಡುಕಿದೆವು. ಮಾಲೀಕ ಒಳ್ಳೆಯ ಮಾತಿನವನು. 'ಏನ್ ಕೆಲ್ಸ?' ಅಂದ. 'ಸಂಗೀತ ಸಾರ್' ಅಂದೆವು. 'ವೆರಿ ಗುಡ್, ನಮ್ ಮಗಳೂ ಕಲೀತಿದ್ದಾಳೆ' ಅಂದ. ಕಾಫಿ ಬಂತು. ಅಡ್ವಾನ್ಸಿನ ಮಾತೂ ಆಯಿತು. ಸಾಮಾನು ತರುವಾಗ ಗೋಣಿಚೀಲ ಜಾರಿ ತಮಟೆ ಕಂಡಿತು. ಅವನ ಮುಖ ಬದಲಾಯಿತು. 'ಮನೆ ನಮ್ ಸಂಬಂಧಿಕರಿಗೆ ಅಂತ ಮೊದ್ಲೇ ಮಾತಾಗಿತ್ತು, ಮರ್ತೇ ಹೋಗಿತ್ತು' ಅಂದ. ಅವನು ನಮ್ಮ ಜಾತಿ ಕೇಳಲೇ ಇಲ್ಲ. ಕೇಳುವ ಅಗತ್ಯವೇ ಬೀಳಲಿಲ್ಲ. ವೀಣೆ ಹೊತ್ತವನಿಗೂ ತಮಟೆ ಹೊತ್ತವನಿಗೂ ಒಂದೇ ಬಾಗಿಲು ಎರಡು ಥರ ತೆರೆಯುತ್ತದೆ. ಎಲ್ಲೆಲ್ಲೂ ನೇತಾಡುವ 'ಸಸ್ಯಾಹಾರಿಗಳಿಗೆ ಮಾತ್ರ' ಬೋರ್ಡಿನ ಅರ್ಥವೂ ಬರಿ ಅನ್ನ ಸಾರಿನದಲ್ಲ.

ಅದಕ್ಕೇ ಹೇಳುವುದು, ಒಂಟಿಯಾಗಿ ಹೋಗಿ ರೂಮು ಹುಡುಕಬೇಡಿ. ಮೊದಲು ಅಲ್ಲಿರುವ ನಮ್ಮವರನ್ನು ಹುಡುಕಿ. ಶ್ರೀರಾಮಪುರದ ಕಡೆ, ಲಗ್ಗೆರೆ, ಪೀಣ್ಯದ ಕಡೆ ನಿಮ್ಮ ತಾಲ್ಲೂಕಿನ ಯಾರಾದರೂ ಇದ್ದೇ ಇರುತ್ತಾರೆ. ಒಂದು ತಿಂಗಳು ಅವರ ಜೊತೆ ಇದ್ದು ಊರು ನೋಡಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ಇನ್ನೂ ಇದೆ. ಚೌಕಾಸಿ ಮಾಡಿ, ರಸೀದಿಯಿಲ್ಲದೆ ಒಂದು ಪೈಸೆ ಕೊಡಬೇಡಿ. ಮನೆಯ ಹಸು ಮಾರಿ ಆ ದುಡ್ಡು ತರಬೇಡಿ. ಮೊದಲ ವರ್ಷ ಬರಿ ಬಾರಿಸಿ ಬದುಕುತ್ತೇವೆ ಅನ್ನುವುದನ್ನೂ ಬಿಡಿ. ಹಗಲಿಗೊಂದು ಕೆಲಸ ಇರಲಿ. ಗಣೇಶನ ಕಾಲದಲ್ಲಿ, ನವೆಂಬರಿನ ರಾಜ್ಯೋತ್ಸವದಲ್ಲಿ, ಅಂಬೇಡ್ಕರ್ ಜಯಂತಿಯ ಏಪ್ರಿಲಿನಲ್ಲಿ, ಎಲೆಕ್ಷನ್ನಿನಲ್ಲಿ ಕೈಗೆ ಬಿಡುವಿರುವುದಿಲ್ಲ. ಆಷಾಢ ಬಂದರೆ ಕೇಳುವವರಿಲ್ಲ. ವರ್ಷದ ಲೆಕ್ಕ ಹಾಕುವಾಗ ಆಷಾಢವನ್ನೂ ಹಾಕಿ.

ಇನ್ನು ತಮಟೆಯ ಮಾತು. ಊರಲ್ಲಿ ಹುಲ್ಲು ಹೊತ್ತಿಸಿ ಕಾಯಿಸಿದರೆ ಚರ್ಮ ಬಿಗಿಯಾಗಿ ನಾದ ಏಳುತ್ತದೆ. ಬೆಂಗಳೂರಿನ ತಣ್ಣನೆ ಹವೆಗೆ, ಮಳೆಗೆ ಚರ್ಮ ಬೇಗ ಸಡಿಲವಾಗುತ್ತದೆ. ಮೂರನೇ ಮಹಡಿಯ ರೂಮಿನಲ್ಲಿ ಬೆಂಕಿ ಹಾಕಲಾಗುತ್ತದಾ? ಹಾಲ್‌ಗಳಲ್ಲಿ ಬೆಂಕಿ ಹಚ್ಚಲು ಬಿಡುವುದಿಲ್ಲ. ಅದಕ್ಕೇ ಬಹಳ ಜನ ಪ್ಲಾಸ್ಟಿಕ್ ಹೊದಿಕೆಯ ತಮಟೆಗೆ ಹೋಗಿದ್ದಾರೆ. ಅದಕ್ಕೆ ಕಾಯಿಸುವುದು ಬೇಕಿಲ್ಲ, ಮಳೆಗೂ ಜಗ್ಗುವುದಿಲ್ಲ. ನಾದ ಮಾತ್ರ ಕೀರಲು, ಚರ್ಮದ ಎದೆ ಅದಕ್ಕಿಲ್ಲ. ಎರಡೂ ಇಟ್ಟುಕೊಳ್ಳಿ. ದುಡಿಮೆಗೆ ಅದು, ವಿದ್ಯೆಗೆ ಇದು. ಕಿವಿಯನ್ನೂ ಕಾಪಾಡಿಕೊಳ್ಳಿ. ಇಪ್ಪತ್ತು ತಮಟೆ ನಡುವೆ ದಿನವೂ ನಿಲ್ಲುವವನ ಕಿವಿ ನಲವತ್ತಕ್ಕೇ ಮಂದವಾಗುವುದನ್ನು ನಮ್ಮ ಮನೆಗಳಲ್ಲೇ ಕಂಡಿದ್ದೇವೆ.

ವೀಳ್ಯದ ಮಾತಿಗೆ ಬರೋಣ. ಊರಲ್ಲಿ ವೀಳ್ಯ ಕೊಟ್ಟರೆ ಮಾತು ಕೊಟ್ಟಂತೆ. ಪಟ್ಟಣದಲ್ಲಿ ಏಜೆಂಟ್ ಫೋನಿನಲ್ಲಿ 'ಬನ್ನಿ, ನೋಡ್ಕೊಳ್ಳೋಣ' ಅನ್ನುತ್ತಾನೆ. 'ನೋಡ್ಕೊಳ್ಳೋಣ' ಅಂದರೆ ಕೊಡುವುದಿಲ್ಲ ಅಂತ ಅರ್ಥ. ಎಷ್ಟು ಜನ, ಎಷ್ಟು ಗಂಟೆ, ಎಲ್ಲಿಂದ ಎಲ್ಲಿಯವರೆಗೆ ಮೆರವಣಿಗೆ, ಊಟ ಯಾರದು, ರಾತ್ರಿ ವಾಪಸು ಹೋಗುವ ಗಾಡಿ ಯಾರದು, ಇಷ್ಟನ್ನೂ ಬರೆಸಿಕೊಳ್ಳಿ. ಕಾಗದ ಇಲ್ಲದಿದ್ದರೆ ಫೋನಿನಲ್ಲಿ ಮೆಸೇಜು ಹಾಕಿಸಿಕೊಳ್ಳಿ. ಅರ್ಧ ದುಡ್ಡು ಮುಂಚೆ ಇಸ್ಕೊಳ್ಳಿ. ದುಡ್ಡಿನ ಬದಲು ಬಾಟಲಿ ಕೊಡುವವನ ಮೆರವಣಿಗೆಗೆ ಎರಡನೇ ಸಲ ಹೋಗಬೇಡಿ. ನಮ್ಮ ಎಷ್ಟು ಒಳ್ಳೆಯ ಕೈಗಳನ್ನು ಆ ಬಾಟಲಿ ನುಂಗಿದೆ ಅಂತ ಲೆಕ್ಕ ಹಾಕಿದರೆ ಕಣ್ಣಲ್ಲಿ ನೀರು ಬರುತ್ತದೆ.

ಶಬ್ದದ ಕಾನೂನೂ ತಿಳಿದಿರಲಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ, ವಾದ್ಯ ನಡೆಯುವುದಿಲ್ಲ. ಪರ್ಮಿಷನ್ ತರಬೇಕಾದವನು ಕಾರ್ಯಕ್ರಮ ಮಾಡಿಸುವವನು. ಆದರೆ ಪೊಲೀಸ್ ಜೀಪು ಬಂದಾಗ ಅವನು ಕಾರಿನೊಳಗೆ ಇರುತ್ತಾನೆ, ಕೈಗೆ ಸಿಗುವವನು ಬಾರಿಸುವವನು. ಪರ್ಮಿಷನ್ನಿನ ಒಂದು ಪ್ರತಿ ನಿಮ್ಮ ಜೇಬಿನಲ್ಲಿರಲಿ. ಹೋರಾಟದ ತಮಟೆಗೂ ಕಟ್ಟಳೆ ಬಂದಿದೆ. 2021ರ ಕೊನೆಗೆ ಬಂದ ಆದೇಶದಿಂದ ಬೆಂಗಳೂರಿನ ಪ್ರತಿಭಟನೆಗಳನ್ನು ಫ್ರೀಡಂ ಪಾರ್ಕಿಗೆ ಕಟ್ಟಿಹಾಕಿದರು. ಅದು ಒಂದು ಕಾಲಕ್ಕೆ ಜೈಲಾಗಿದ್ದ ಜಾಗ. ದೇವರ ಮೆರವಣಿಗೆಗೆ ರಸ್ತೆಯೆಲ್ಲ ಬೇಕು, ಹಸಿದವನ ಮೆರವಣಿಗೆಗೆ ಹಳೇ ಜೈಲು ಸಾಕು ಎನ್ನುವ ನ್ಯಾಯ ಇದು!

ಸರ್ಕಾರದ ವೇದಿಕೆಯ ಬಗ್ಗೆಯೂ ಒಂದು ಮಾತು. ಜೆ.ಸಿ. ರಸ್ತೆಯ ಕನ್ನಡ ಭವನಕ್ಕೆ ಹೋಗಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಜಾನಪದ ಅಕಾಡೆಮಿ ಅಲ್ಲಿವೆ. ತಂಡದ ಹೆಸರು ಬರೆಸಿ, ಅರ್ಜಿ ಹಾಕಿ. ಅದು ನಮ್ಮ ತೆರಿಗೆಯ ದುಡ್ಡು, ಯಾರ ಮನೆಯ ಭಿಕ್ಷೆಯೂ ಅಲ್ಲ. ಆದರೆ ಮಂತ್ರಿಯ ಕಾರು ಬರುವವರೆಗೂ ನಾಲ್ಕು ಗಂಟೆ ಬಿಸಿಲಲ್ಲಿ ನಿಲ್ಲಿಸಿ, ಕಾರು ಬಂದ ಮೇಲೆ 'ಸಾಕು ಸಾಕು, ಪಕ್ಕಕ್ಕೆ ಹೋಗ್ರಿ' ಅನ್ನುವುದನ್ನು ಒಪ್ಪಿಕೊಳ್ಳಬೇಡಿ. ಒಳಗೆ ಶಾಸ್ತ್ರೀಯ ಸಂಗೀತಕ್ಕೆ ಕುರ್ಚಿ, ಹೊರಗೆ ನಮ್ಮ ನಾದಕ್ಕೆ ಗೇಟು. ಇದೂ ಒಂದು ಊರು, ಒಂದು ಕೇರಿ. ನಾವೂ ರವೀಂದ್ರ ಕಲಾಕ್ಷೇತ್ರದ ಒಳಗೆ, ಮೈಕಿನ ಮುಂದೆ, ಹೆಸರು ಕೂಗಿಸಿಕೊಂಡು ಬಾರಿಸಬೇಕು.

ಹಾಡು ಕಟ್ಟುವ ಗೆಳೆಯರು ಒಂದನ್ನು ಮರೆಯಬಾರದು. ಸ್ಟುಡಿಯೋದವರು ಸಾವಿರ ರೂಪಾಯಿ ಕೈಗಿಟ್ಟು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯಿದೆ ಸಿನಿಮಾಕ್ಕೆ, ಧ್ವನಿಮುದ್ರಣಕ್ಕೆ ಸೇರಿದ ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಾಯಧನದ ಹಕ್ಕು ಕೊಟ್ಟಿದೆ. ಅದನ್ನು ಸ್ಟುಡಿಯೋದವನಿಗೆ ಬರೆದುಕೊಡಲು ಬರುವುದಿಲ್ಲ. ಓದದೆ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡವರ ಮೊಮ್ಮಕ್ಕಳು ನಾವು. ಓದದೆ ಸಹಿ ಹಾಕಿ ಹಾಡನ್ನೂ ಕಳೆದುಕೊಳ್ಳುವುದು ಬೇಡ.

ಇಲ್ಲಿ ಅಣ್ಣಾಭಾವು ಸಾಠೆಯವರನ್ನು ನೆನೆಯಬೇಕು. 1920ರಲ್ಲಿ ಮಹಾರಾಷ್ಟ್ರದ ವಾಟೇಗಾಂವದ ಮಾಂಗ್ ಕೇರಿಯಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಮನೆಯವರ ಜೊತೆ ನಡೆದೇ ಮುಂಬಯಿ ಸೇರಿದರು. ಗಿರಣಿಯಲ್ಲಿ ದುಡಿದರು. ಊರಿಂದ ತಂದ ತಮಾಷಾ ಆಟವನ್ನು ಬಿಸಾಡಲಿಲ್ಲ, ಅದನ್ನು ಕೂಲಿಕಾರರ ಆಟ ಮಾಡಿದರು. 1944ರಲ್ಲಿ ಅಮರ್ ಶೇಖ್, ಗವಾಣಕರ್ ಜೊತೆ ಸೇರಿ ಲಾಲ್ ಬಾವಟಾ ಕಲಾಪಥಕ ಕಟ್ಟಿದರು. ಪಟ್ಟಣ ಅವರಿಗೆ ದಕ್ಕಿದ್ದು ಒಬ್ಬರೇ ಇರಲಿಲ್ಲ ಅನ್ನುವುದರಿಂದ. ಜೊತೆಗೆ ಸಂಘವಿತ್ತು, ಕೂಲಿಕಾರರ ವಸತಿಯಿತ್ತು, ಕೇಳುವ ಸಾವಿರಾರು ಕಿವಿಗಳಿದ್ದವು. ಆದರೂ 1969ರಲ್ಲಿ ಅವರು ತೀರಿಕೊಂಡಾಗ ಬಡವರಾಗಿಯೇ ಇದ್ದರು. ಚಪ್ಪಾಳೆ ಹೊಟ್ಟೆ ತುಂಬಿಸುವುದಿಲ್ಲ. ಇದನ್ನು ನಾವು ಅವರ ಬದುಕಿನಿಂದ ಕಲಿಯದಿದ್ದರೆ ಅವರ ಫೋಟೋಗೆ ಹಾರ ಹಾಕಿ ಏನು ಬಂತು?

ಅದಕ್ಕೇ ಕೊನೆಯ ಮಾತು ಸಂಘದ್ದು. ಒಂದೊಂದು ಏರಿಯಾದಲ್ಲಿರುವ ತಮಟೆಯವರು, ಹಾಡುವವರು, ಡೋಲಿನವರು, ಹೆಣ್ಣುಮಕ್ಕಳ ತಂಡದವರು ತಿಂಗಳಿಗೊಮ್ಮೆ ಸೇರಿ. ಇಷ್ಟಕ್ಕಿಂತ ಕಡಿಮೆಗೆ ಯಾರೂ ಬಾರಿಸುವುದಿಲ್ಲ ಅಂತ ದರ ಗೊತ್ತುಮಾಡಿ. ಒಬ್ಬ 'ಒಲ್ಲೆ' ಅಂದ ಕಡೆ ಇನ್ನೊಬ್ಬ ಅರ್ಧ ದುಡ್ಡಿಗೆ ಹೋದರೆ ಯಾರ 'ಒಲ್ಲೆ'ಗೂ ಬೆಲೆಯಿಲ್ಲ. 2021ರಿಂದ ಅಸಂಘಟಿತ ಕಾರ್ಮಿಕರಿಗೆ ಇ-ಶ್ರಮ್ ಕಾರ್ಡು ಇದೆ, ಎಲ್ಲರೂ ಮಾಡಿಸಿ. ತಿಂಗಳಿಗೆ ಐವತ್ತು ರೂಪಾಯಿಯಾದರೂ ಹುಂಡಿಗೆ ಹಾಕಿ. ಯಾರಿಗಾದರೂ ಕಾಯಿಲೆಯಾದರೆ, ಯಾರನ್ನಾದರೂ ರೂಮಿನಿಂದ ಆಚೆ ಹಾಕಿದರೆ ಅದೇ ಹುಂಡಿ ಆಗುತ್ತದೆ.

ವರ್ಷಕ್ಕೊಮ್ಮೆ ಕೇರಿಗೆ ಬನ್ನಿ. ಕಲಿತದ್ದನ್ನು ಚಿಕ್ಕವರಿಗೆ ಕಲಿಸಿ, ಆದರೆ ಅವರ ಕೈಯಿಂದ ಪುಸ್ತಕ ಕಿತ್ತು ತಮಟೆ ಕೊಡಬೇಡಿ. ಪುಸ್ತಕದ ಜೊತೆಗೆ ಕೊಡಿ.

ಮೊನ್ನೆ ಊರಿಗೆ ಹೋದಾಗ ಆ ಅಜ್ಜಿ ಮತ್ತೆ ಸಿಕ್ಕಳು. 'ಇನ್ನೂ ಬಡೀತಿದ್ದೀರಾ?' ಅಂದಳು. ಹೌದು ಅಂದೆವು. 'ಯಾರ್ ಕರದ್ರೂ ಓಗ್ತೀರಾ?' ಅಂದಳು. 'ಇಲ್ಲಜ್ಜಿ, ನಮಗ್ ಬೇಕಾದ್ ಕಡೆ ಮಾತ್ರ' ಅಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ಅಂಗಾದ್ರೆ ಸರಿ' ಅಂದು ಒಳಗೆ ಹೋದಳು.

ಆ 'ಸರಿ'ಗೆ ಚ್ಯುತಿ ಬರದ ಹಾಗೆ ಬಾಳೋಣ ಗೆಳೆಯರೆ.

ಜೈ ಭೀಮ್.